ಥರ್ಮಾಮೀಟರ್ ಮಹಾಶಯರ ತಂಪು ಸ್ವಭಾವ

ತೊಪ್ಪೂರು ಘಟ್ಟ, ಮೇ 1953

ಕಚೇರಿಯ ಪಡಸಾಲೆಯ ಗೋಡೆಯಲ್ಲಿ ವಿರಾಜಮಾನರಾದ ಮಾನ್ಯ ಥರ್ಮಾಮೀಟರ್ ಅವರೇ,

ಘಟ್ಟದ ರಸ್ತೆ ಕೆಲಸದ ಬಿಡಾರದಲ್ಲಿ ಗುಮಾಸ್ತನಾಗಿ, ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಸಾಹೇಬರ ಎದುರಿಗೇ ತಮ್ಮ ಮುಖ ನೋಡಿ ಅಂಕಿ ಬರೆದುಕೊಳ್ಳುವ ಬದರೀನಾಥನ ಸಾಷ್ಟಾಂಗ ನಮಸ್ಕಾರಗಳು. ಈ ಬೇಸಿಗೆಯಲ್ಲಿ ಓಮಲೂರಿನ ಮಾವು ಕಾಯಿಯಲ್ಲೇ ಬೆಂದು ಉದುರಿತು. ಅದಿಯಮಾನ್‌ಕೋಟೆಯಲ್ಲಿ ನೀರೆತ್ತುವ ಕಪಿಲೆಯ ಎತ್ತುಗಳು ಬಾವಿಕಟ್ಟೆಯಲ್ಲೇ ಮಂಡಿಯೂರಿದವು, ಮತ್ತೆ ಏಳಲಿಲ್ಲ. ಕಡಲೆಕಾಯಿ ಬಿತ್ತಿದವರು ಹುರಿದದ್ದನ್ನೇ ಕಿತ್ತರೆಂದು ಜನ ಅಳಲಾರದೆ ನಗುತ್ತಾರೆ. ಇಷ್ಟಾದರೂ ತಾವು ಮಾತ್ರ ತೊಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್ ಬಿಟ್ಟು ಕದಲಲಿಲ್ಲ. ಅಬ್ಬಾ, ಎಂಥ ಸಂಯಮ!

ಸಂಯಮದ ಗುಟ್ಟು ನನಗೆ ತಿಳಿಯದ್ದೇನಲ್ಲ. ತಮ್ಮೆದುರಿಗೆ ಲಾಮಂಚದ ಬೇರಿನ ತಟ್ಟಿ ಇಳಿಬಿಟ್ಟಿದೆ. ಅರ್ಧ ಮೈಲಿಯಿಂದ ನೀರು ಹೊತ್ತು ತಂದು ಅದನ್ನು ತೋಯಿಸುವವಳು ಅಂಜಮ್ಮ. “ಒಳಗೆ ತಣ್ಣಗೈತಾ ಸಾಮಿ, ಇನ್ನೊಂದು ಕೊಡ ಉಯ್ಲಾ?” ಎಂದು ಕೇಳುತ್ತಾಳೆ. ನಾನೂ ಹೂಂ ಎನ್ನುತ್ತೇನೆ. ನನ್ನ ಕುರ್ಚಿಯೂ ಅಲ್ಲೇ ಇದೆಯಲ್ಲ! ಅವಳ ಗಂಡ ಪಾಪಣ್ಣ ಎರಡು ಫರ್ಲಾಂಗ್ ಆಚೆ, ಬಟ್ಟಬಯಲಿನ ಬಂಡೆಯ ಮೇಲೆ ಜಲ್ಲಿ ಒಡೆಯುತ್ತಿದ್ದ.

ತಾವು ನೂರೆಂಟು ತೋರಿಸಿದರೆ ಹನ್ನೆರಡರಿಂದ ಮೂರರವರೆಗೆ ಕೆಲಸ ನಿಲ್ಲಿಸತಕ್ಕದ್ದೆಂದು ನಿಯಮವಿದೆ. ತಾವು ತೋರಿಸಲಿಲ್ಲ. ಸೋಮವಾರ ಪಾಪಣ್ಣ ಸುತ್ತಿಗೆ ಹಿಡಿದ ಹಾಗೆಯೇ ಬಿದ್ದು ಸತ್ತ. ವರದಿಯಲ್ಲಿ ಸಾವಿನ ಕಾರಣ ‘ಬಿಸಿಲು’ ಎಂದು ಬರೆದೆ. ತೊಂಬತ್ತೆರಡು ಡಿಗ್ರಿಗೆ ಯಾರು ಸಾಯುತ್ತಾರಯ್ಯಾ ಎಂದು ಸಾಹೇಬರು ಗೋಡೆಯ ಮೇಲಿನ ತಮ್ಮ ಕಡೆ ಬೆರಳು ತೋರಿಸಿದ್ದರಿಂದ ‘ಹೊಟ್ಟೆನೋವು’ ಎಂದು ತಿದ್ದಿದೆ. ನಾಚಿಕೆಯಾಯಿತು, ಆದರೂ ತಿದ್ದಿದೆ.

ಮಂಗಳವಾರ ಅಂಜಮ್ಮ ಬರಲಿಲ್ಲ, ತಟ್ಟಿ ಒಣಗಿತು. ಹನ್ನೆರಡಕ್ಕೆ ತಾವು ನೂರಹನ್ನೊಂದಕ್ಕೆ ಏರಿದಿರಿ, ಕೆಲಸ ನಿಂತಿತು, ಆಳುಗಳು ಹುಣಸೆಮರದ ಕೆಳಗೆ ಮಲಗಿದರು. ಬುಧವಾರವೂ ಹಾಗೆಯೇ. ಹೊಟ್ಟೆಪಾಡು ಕೇಳಬೇಕಲ್ಲ, ಗುರುವಾರ ಅಂಜಮ್ಮ ಬಂದೇಬಿಟ್ಟಳು. “ತಟ್ಟಿ ಒಣಗೋಗೈತಲ್ಲ, ತಪ್ಪಾಯ್ತು ಸಾಮಿ” ಎಂದು ಎರಡು ಕೊಡ ಹೆಚ್ಚಿಗೇ ಹೊಯ್ದಳು. ತಾವು ತೊಂಬತ್ತಕ್ಕೆ ಇಳಿದಿರಿ. ಆಳುಗಳು ಬಂಡೆಗೆ ಮರಳಿದರು. ಅವಳಿಗೆ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆದಕಾರಣ ತಾವು ದಯಮಾಡಿ ಒಂದು ದಿನ ರಜೆ ಹಾಕಿ, ಪಾಪಣ್ಣನ ಜಾಗದಲ್ಲಿ ಒಂದು ಗಂಟೆ ಕೂತು ಬರಬೇಕೆಂದೂ, ಹೊಟ್ಟೆನೋವು ಎಷ್ಟನೇ ಡಿಗ್ರಿಗೆ ಶುರುವಾಗುತ್ತದೆಂದು ಸಾಹೇಬರಿಗೆ ಖುದ್ದಾಗಿ ತಿಳಿಸಬೇಕೆಂದೂ ಪ್ರಾರ್ಥನೆ. ಗಾಜಿನ ಮೈ, ಬಿಸಿಲಿಗೆ ಸಿಡಿದೀತೆಂಬ ಭಯವಿದ್ದರೆ ಕೊಡೆ ಹಿಡಿಯಲು ನಾನೇ ಬರುತ್ತೇನೆ.

ತಮ್ಮ ವಿಶ್ವಾಸಿ,
ತಮ್ಮ ತಂಪಿನಲ್ಲೇ ಇಷ್ಟು ದಿನ ಕೂತಿದ್ದ
ಬದರೀನಾಥ

ಮರೆತ ಮಾತು: ಈ ಬೆಳಿಗ್ಗೆ ಅಂಜಮ್ಮ ನೀರು ತರುವ ಕಚೇರಿಯ ಮಣ್ಣಿನ ಕೊಡ ಅದು ಹೇಗೋ ಒಡೆದುಹೋಗಿದೆ. ನನ್ನ ಬಲಗೈಗೆ ಸಣ್ಣ ಗಾಯವಾಗಿರುವುದರಿಂದ ಅಕ್ಷರ ವಕ್ರವಾಗಿದ್ದರೆ ಮನ್ನಿಸಬೇಕು. ಹನ್ನೆರಡಕ್ಕೆ ಇನ್ನು ಐದು ನಿಮಿಷ, ತಾವು ನೂರೇಳರಲ್ಲಿದ್ದೀರಿ. ಇನ್ನೊಂದೇ ಡಿಗ್ರಿ, ಮಹಾಸ್ವಾಮಿ.