ಹಸಿರು ಬಣ್ಣದ ಮೇಲೆ ನನ್ನ ಹರಕತ್

ನಾನು ಬುದ್ಧಿವಂತನೆಂಬ ಸಂಗತಿ ನಮ್ಮ ಓಣಿಯಲ್ಲಿ ಮೊದಲು ಗೊತ್ತಾದದ್ದು ನನಗೇ. ಉಳಿದವರಿಗೂ ತಾನಾಗಿಯೇ ಗೊತ್ತಾಗಲಿ ಎಂದು ಬಹಳ ವರ್ಷ ಕಾದೆ. ಆಗಲಿಲ್ಲ. ಕೊನೆಗೆ ಪಾಲಿಕೆಯವರೇ ಕರುಣೆ ತೋರಿ ಒಂದು ಅವಕಾಶ ಮಾಡಿಕೊಟ್ಟರು.

ಮಹಾರಾಷ್ಟ್ರದಲ್ಲಿ, ಗಡಹಿಂಗ್ಲಜ ಕಡೆಯ ನಮ್ಮ ಊರು ಮುಂದೆ ಹೇಗೆ ಬೆಳೆಯಬೇಕು, ಎಲ್ಲಿ ಮನೆ ಬರಬೇಕು, ಎಲ್ಲಿ ರಸ್ತೆ ಹಾಯಬೇಕು ಎಂದು ಅವರು ಒಂದು ನಕಾಶೆ ಬರೆಸಿದರು. ನಾಗರಿಕರು ಅದನ್ನು ನೋಡಿ, ಹರಕತ್ ಇದ್ದರೆ ಬರೆದುಕೊಡಬೇಕೆಂದು ಪ್ರಕಟಣೆಯನ್ನೂ ಹೊರಡಿಸಿದರು. ಆಕ್ಷೇಪಣೆಗೆ ನಮ್ಮ ಕಡೆ ಹರಕತ್ ಎನ್ನುತ್ತಾರೆ. ಪ್ರಕಟಣೆಯನ್ನು ನಾಗರಿಕರ ಕಣ್ಣಿಗೆ ಬೀಳದಂತೆ ಬಹಳ ಮುತುವರ್ಜಿಯಿಂದ ಕಚೇರಿಯ ಸೈಕಲ್ ಸ್ಟ್ಯಾಂಡಿನ ಒಳಗೋಡೆಗೆ ಅಂಟಿಸಿದ್ದರು. ನಾನು ಅಲ್ಲಿ ನನ್ನ ಸ್ಕೂಟರ್ ನಿಲ್ಲಿಸಲು ಹೋದದ್ದು ಅವರ ದುರ್ದೈವ. ಆಮೇಲೆ ಅದು ನನ್ನದಾಯಿತು!

ನನ್ನದು ಪಾತ್ರೆ ಅಂಗಡಿ. ಅಂಗಡಿಯ ಮೇಲೆಯೇ ಮನೆ. ಕಿಟಕಿ ತೆರೆದರೆ ಎದುರು ಮನೆಯ ಗೋಡೆ, ಬಗ್ಗಿ ನೋಡಿದರೆ ಗಟಾರ. ನನ್ನ ಹೆಂಡತಿ ಸುಲೋಚನಾ ಹುಪರಿಯವಳು. ಮದುವೆಯಾಗಿ ಬಂದಾಗಿನಿಂದ ಆ ಗೋಡೆಯನ್ನೇ ನೋಡುತ್ತ ರೊಟ್ಟಿ ಬಡಿದಿದ್ದಾಳೆ. ಇಬ್ಬರೂ ಸೇರಿ ಊರ ಹೊರಗೆ, ದಕ್ಷಿಣಕ್ಕೆ ಹೋಗುವ ರಸ್ತೆಯಲ್ಲಿ ಒಂದು ಪ್ಲಾಟು ತೆಗೆದುಕೊಂಡಿದ್ದೆವು. ಅಲ್ಲಿ ಕಟ್ಟುವ ಮನೆಯ ಬಗ್ಗೆ ಅವಳದು ಒಂದೇ ಬೇಡಿಕೆ.

"ಮುಂಬಾಗಿಲದಾಗ ಒಂದು ಕಟ್ಟಿ ಇರಬೇಕ್ರಿ. ಕೂತು ನೋಡಿದ್ರ ಎದುರಿಗೆ ನಾಕು ಗಿಡ ಕಾಣಬೇಕು. ಮತ್ತೇನೂ ಬ್ಯಾಡ ನನಗ" ಎನ್ನುತ್ತಿದ್ದಳು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಾವು ಜೈನರು. ಸೂರ್ಯ ಮುಳುಗುವುದರೊಳಗೆ ನಮ್ಮ ಊಟ ಮುಗಿಯಬೇಕು. ಮುಳುಗಿದನೆಂದರೆ ಮರುದಿನ ಬೆಳಗಿನವರೆಗೆ ಒಂದು ತುತ್ತೂ ಇಲ್ಲ. ಆದ್ದರಿಂದ ಮುಂದೆ ನಡೆದ ಅನಾಹುತದಲ್ಲಿ ನಾನು, ಪಾಲಿಕೆ ಮತ್ತು ಸೂರ್ಯ ಮೂವರೂ ಸಮಪಾಲುದಾರರು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ನಕಾಶೆ ನೋಡಲು ಸಂಜೆ ಕಚೇರಿಗೆ ಹೋದೆ. ಪಡಸಾಲೆಯಲ್ಲಿ ಒಬ್ಬ ಶಿಪಾಯಿ ಕುರ್ಚಿಯ ಮೇಲೆ ಕಾಲು ಮಡಿಚಿ ಕೂತಿದ್ದ.

"ಸಾಹೇಬ್ರು ಹೋಗ್ಯಾರ್ರಿ. ನಕಾಶೆ ಆ ಕಪಾಟಿನ ಹಿಂದ ಐತಿ, ನೋಡ್ಕೋರಿ" ಎಂದ.

"ಅಲ್ಲಿ ಕತ್ತಲಿ ಐತೆಲ್ಲೋ, ಲೈಟ್ ಹಚ್ಚು."

"ಹಚ್ಚೇನ್ರಿ. ಬಲ್ಬ್ ಇಲ್ಲ."

ಕಪಾಟಿಗೂ ಗೋಡೆಗೂ ನಡುವೆ ಹೊಟ್ಟೆ ಒಳಗೆಳೆದುಕೊಂಡು ನುಗ್ಗಿದೆ. ಹಳದಿ ಬಣ್ಣ ಮನೆಗಳಿಗೆ, ಹಸಿರು ಬಣ್ಣ ಬಾಗಿಗೆ, ಅಂದರೆ ಉದ್ಯಾನಕ್ಕೆ. ಇಷ್ಟು ತಿಳಿದ ಮೇಲೆ ಇನ್ನೇನು? ಮೇಲ್ಗಡೆ ಊರು, ಅಲ್ಲಿಂದ ಕೆಳಗೆ ಇಳಿದ ನಮ್ಮ ರಸ್ತೆ. ಊರಿಂದ ಹೋಗುವಾಗ ನಮ್ಮ ಪ್ಲಾಟು ಬಲಗೈಗೆ. ನಾನು ನನ್ನ ಬಲಗೈಯನ್ನು ಒಮ್ಮೆ ಎತ್ತಿ ನೋಡಿ ಖಾತ್ರಿ ಮಾಡಿಕೊಂಡು, ನಕಾಶೆಯಲ್ಲಿ ರಸ್ತೆಯ ಬಲಕ್ಕೆ ಬೆರಳಿಟ್ಟೆ.

ಹಸಿರು!

ಅಷ್ಟರಲ್ಲಿ ಫೋನು ಬಡಿದುಕೊಂಡಿತು. "ಏನ್ರಿ, ಎಲ್ಲಿ ಅದೀರಿ? ಬಿಸಿಲು ಮಾಳಗಿ ಅಂಚಿಗೆ ಬಂತು. ಉಣ್ಣಾವ್ರೋ, ಉಪವಾಸೋ?" ಎಂದಳು ಸುಲೋಚನಾ. ಇನ್ನೊಮ್ಮೆ ನೋಡಬೇಕೆಂದುಕೊಂಡವನು ಹೊಟ್ಟೆಯ ಮಾತು ಕೇಳಿ ಮನೆಗೆ ಓಡಿದೆ.

ಊಟಕ್ಕೆ ಕೂತು ಸುದ್ದಿ ಹೇಳಿದೆ: ನಮ್ಮ ಪ್ಲಾಟು ಬಾಗಿಗೆ ಹೋಗುತ್ತದೆ, ಅಲ್ಲಿ ಮನೆ ಕಟ್ಟುವಂತಿಲ್ಲ. ಅವಳ ಕೈಯಲ್ಲಿನ ಸೌಟು ಅಲ್ಲೇ ನಿಂತಿತು. ಕಣ್ಣು ತುಂಬಿ ಬಂದವು. ಅದನ್ನು ನೋಡಿ ನನಗೂ ಸಂಕಟವಾಯಿತು. ಆದರೂ ಸ್ವಲ್ಪ ಹೊತ್ತಿನಲ್ಲೇ ಅವಳು ಕಣ್ಣೊರೆಸಿಕೊಂಡು ಒಂದು ಪ್ರಶ್ನೆ ಕೇಳಿದಳು.

"ಅಲ್ರಿ, ರಸ್ತೆದಾಗ ನಿಂತ್ರ ಸೂರ್ಯ ನಮ್ಮ ಜಾಗದ ಹಿಂದ ಮುಳುಗತಾನ. ನಕಾಶೆದಾಗ ಪಡುವಣ ಯಾವ ಬದಿ ಇತ್ತು?"

"ನಕಾಶೆದಾಗ ಸೂರ್ಯ ಇರೂದಿಲ್ಲ ಸುಲೋಚನಾ, ಬಣ್ಣ ಅಷ್ಟ ಇರತಾವು" ಎಂದೆ, ಬಹಳ ತಾಳ್ಮೆಯಿಂದ. ಹೆಂಗಸರಿಗೆ ತಾಂತ್ರಿಕ ವಿಷಯ ತಿಳಿಸುವಾಗ ತಾಳ್ಮೆ ಬೇಕು. ಅಂಥ ತಾಳ್ಮೆ ನನ್ನಲ್ಲಿ ಹೇರಳವಾಗಿತ್ತು.

ಮರುದಿನ ಹರಕತ್ ಬರೆದೆ. 'ಮಾನ್ಯರೇ, ಸದರಿ ಹಸಿರು ಜಾಗದಲ್ಲಿ ಉದ್ಯಾನದ ಆವಶ್ಯಕತೆ ಎಳ್ಳಷ್ಟೂ ಇರುವುದಿಲ್ಲ' ಎಂಬಲ್ಲಿಗೆ ಮುಗಿಸಿದ್ದರೆ ಸಾಕಿತ್ತು. ಆದರೆ ಪೆನ್ನು ಕೈಗೆ ಸಿಕ್ಕಾಗ ನನಗೆ ನಿಲ್ಲಿಸಲು ಬರುವುದಿಲ್ಲ. ಬರೀ ಬೇಡವೆಂದರೆ ಸ್ವಾರ್ಥಿ ಎಂದಾರು ಎಂದು, 'ಪಾಲಿಕೆಯು ಈ ಭಾಗದಲ್ಲಿ ಊರಿಗೆಲ್ಲ ಉಪಯೋಗವಾಗುವ ಬೇರೆ ಯಾವುದಾದರೂ ಸೌಕರ್ಯವನ್ನು ಮಾಡಿಕೊಡಲು ಕೃಪೆ ಮಾಡಬೇಕು' ಎಂದು ಸೇರಿಸಿದೆ. ಮರಾಠಿಯಲ್ಲಿ ಅದು ಇನ್ನೂ ಗಂಭೀರವಾಗಿ ಕೇಳಿಸುತ್ತಿತ್ತು. ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಸಹಿ ಬೇಕಲ್ಲ? ಮದುವೆಯ ಪಾತ್ರೆಗಳ ಮೇಲೆ ಹೆಸರು ಕೊರೆಸಲು ನನ್ನ ಅಂಗಡಿಗೆ ಜನ ಬರುತ್ತಲೇ ಇರುತ್ತಾರೆ. ಮೊದಲು ಅರ್ಜಿಯ ಮೇಲೆ ಅವರ ಹೆಸರು, ಆಮೇಲೆ ತಂಬಿಗೆಯ ಮೇಲೆ! ಕೋವಾಡದಿಂದ ಕೊಡ ಕೊಳ್ಳಲು ಬಂದವರೂ ನಮ್ಮ ಊರಿನ ಉದ್ಯಾನವನ್ನು ಕಟುವಾಗಿ ವಿರೋಧಿಸಿ ಹೋದರು. ನಮ್ಮ ಪಕ್ಕದ ಪ್ಲಾಟಿನ ಒಡೆಯ, ಕಬ್ಬು ಬೆಳೆಯುವ ಬಾಬಗೊಂಡ ಕಾಕಾ ಮಾತ್ರ ಸ್ವಲ್ಪ ತಕರಾರು ತೆಗೆದರು.

"ಬಾಗ ಆದ್ರ ಚಲೋ ಅಲ್ಲೇನೋ ಜಿನ್ನಪ್ಪಾ? ಸಂಜೀಕ ಹೋಗಿ ಕೂಡಾಕ ಆಗತೈತಿ."

"ಕಾಕಾ, ನಿಮ್ಮ ಜಾಗದ ಮ್ಯಾಲ ಊರ ಮಂದಿ ಬಂದು ಕೂತು ಶೇಂಗಾ ತಿಂದು ಸಿಪ್ಪಿ ಒಗೀತಾರ. ಚಲೋ ಏನ್ರಿ?"

"ಎಲ್ಲೈತಿ ಪೆನ್ನು, ತಾ ಇಲ್ಲೆ!" ಎಂದರು ಕಾಕಾ.

ಅಹವಾಲು ಕೇಳುವ ದಿನ ಬಂತು. ಮುಂಜಾನೆಯೇ ಶುರುವಾಗುತ್ತದೆ ಎಂದಿದ್ದರು. ಜಿಲ್ಲೆಯಿಂದ ಸಾಹೇಬರು ಬಂದು, ಚಹಾ ಕುಡಿದು, ಊಟ ಮಾಡಿ, ಊಟವಾದ ಮೇಲೆ ಮತ್ತೆ ಚಹಾ ಕುಡಿದು ಕೂರುವಷ್ಟರಲ್ಲಿ ಬಿಸಿಲು ಇಳಿದಿತ್ತು. ನಾನೂ, ಸಹಿ ಹಾಕಿದ ನಮ್ಮ ಜೈನ ಮಂದಿಯೂ ಹೊರಗೆ ಬೆಂಚಿನ ಮೇಲೆ ಕೂತೆವು. ದೊಡ್ಡ ದೊಡ್ಡ ಬಿಲ್ಡರುಗಳು ಯಾರೂ ಕಾಣಿಸಲಿಲ್ಲ. ಪಾಪ, ಅವರಿಗೆ ಹರಕತ್ತೇ ಇಲ್ಲವೇನೋ ಎಂದುಕೊಂಡೆ. ಅವರ ಹರಕತ್ತುಗಳನ್ನು ನಕಾಶೆ ಬರೆಯುವ ಮೊದಲೇ ಮನೆಗೆ ಕರೆದು ಕೇಳಿದ್ದರಂತೆ. ಅವರ ಹೊಲಗಳೆಲ್ಲ ಆಗಲೇ ಹಳದಿಯಾಗಿ ಹಣ್ಣಾಗಿದ್ದವು. ಒಳಗೆ ಹೋದ ನಮ್ಮಂಥವರೆಲ್ಲ ಬಾಗಿಲು ಮುಚ್ಚುವುದರೊಳಗೆ ಹೊರಗೆ ಬರುತ್ತಿದ್ದರು. ಎಲ್ಲರಿಗೂ ಒಂದೇ ಉತ್ತರ: 'ನೋಂದ ಘೇತಲೀ', ಬರೆದುಕೊಂಡೆವು, ಇನ್ನು ಹೋಗಿರಿ.

ಸೂರ್ಯ ಕೆಳಗಿಳಿದಂತೆಲ್ಲ ನನ್ನ ಬೆಂಬಲಿಗರು ಚಡಪಡಿಸತೊಡಗಿದರು. ಮೊದಲು ಬಾಬಗೊಂಡ ಕಾಕಾ ಎದ್ದರು.

"ನೀ ಮಾತಾಡ್ಕೊಂಡು ಬಾ ಜಿನ್ನಪ್ಪಾ. ನಮ್ಮ ಪೂರಾ ಬೆಂಬಲ ಐತಿ. ನಾ ಉಂಡು ಬರತೇನಿ."

"ಉಂಡು ಬರೂದ್ರಾಗ ಎಲ್ಲಾ ಮುಗೀತೈತ್ರಿ ಕಾಕಾ!"

"ಮುಗೀಲಿ ಬಿಡು. ಊಟದ ಹೊತ್ತು ಮುಗೀಬಾರ್ದು" ಎಂದು ಹೊರಟೇಬಿಟ್ಟರು. ಅವರ ಹಿಂದೆ ಒಬ್ಬೊಬ್ಬರೇ ಎದ್ದು, ಇಡೀ ಚಳವಳಿ ಊಟಕ್ಕೆ ಹೋಯಿತು.

ಅದೇ ಹೊತ್ತಿಗೆ ಸುಲೋಚನಾ ಡಬ್ಬಿ ಹಿಡಿದು ಬಂದಳು. ಜೋಳದ ರೊಟ್ಟಿ, ಝುಣಕಾ, ಮೇಲೆ ಮೊಸರು. ಗಂಡ ಉಪವಾಸ ಬೀಳಬಾರದೆಂದು ಅಷ್ಟು ದೂರ ನಡೆದು ಬಂದಿದ್ದಳು. ನಾನು ಕೈತೊಳೆದು ಮೊದಲ ತುತ್ತು ಬಾಯಿಗಿಟ್ಟೆ. ಅವಳು ಸುಮ್ಮನೆ ಕೂರದೆ ಹೋಗಿ ನಕಾಶೆಯ ಮುಂದೆ ನಿಂತಳು. ಸಾಹೇಬರು ಬಂದಿದ್ದರಿಂದ ಅವತ್ತು ಅದನ್ನು ಕಪಾಟಿನ ಹಿಂದಿನಿಂದ ತೆಗೆದು ಬಾಗಿಲ ಬಳಿ ತೂಗುಹಾಕಿದ್ದರು.

"ಏನ್ರಿ!" ಎಂದು ಓಡಿಬಂದಳು. "ನಮ್ಮ ಪ್ಲಾಟು ಹಸಿರ ಅಲ್ರಿ, ಹಳದಿ ಐತಿ! ಪಡುವಣ ಎಡಕ್ಕ ಬರತೈತಿ. ನಕಾಶೆದಾಗ ನಾವು ಮ್ಯಾಲಿಂದ ಕೆಳಗ ನಡದ್ರ ನಮ್ಮ ಬಲಗೈ ಆ ಎಡಬದೀಗೆ ಅಲ್ಲೇನು? ಹಸಿರು ಎದುರಿನ ಖುಲ್ಲಾ ಜಾಗ. ಪಾಲಿಕೇದ್ದ ಜಾಗ! ನಮ್ಮ ಕಟ್ಟಿ ಮುಂದ ಬಾಗ ಬರತೈತ್ರಿ!"

ಅವಳ ಮುಖದಲ್ಲಿ ಅಂಥ ಸಂತೋಷ ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ. ನಾಲ್ಕು ಗಿಡ ಕೇಳಿದವಳಿಗೆ ಸರಕಾರವೇ ಒಂದು ಉದ್ಯಾನ ಕೊಡಲು ಹೊರಟಿತ್ತು. ಅಡ್ಡ ನಿಂತಿದ್ದವನು ಇಡೀ ಊರಿನಲ್ಲಿ ನಾನೊಬ್ಬನೇ.

"ಒಳಗ ಹೋಗಿ ತಪ್ಪಾಗೈತಿ ಅಂತ ಹೇಳಿ ಅರ್ಜಿ ಹಿಂದ ತಗೋರಿ. ಅಷ್ಟ ಸಾಕು."

ನಾನು ಏನೋ ಹೇಳಲು ಬಾಯಿ ತೆರೆದೆ. ಬಾಯಲ್ಲಿ ರೊಟ್ಟಿ ಇತ್ತು. ಅದೇ ಕ್ಷಣ ಶಿಪಾಯಿ ನನ್ನ ಹೆಸರು ಕೂಗಿದ!

ಒಳಗೆ ಮೂವರು ಕೂತಿದ್ದರು. ಸಾಹೇಬರ ಬೆನ್ನ ಹಿಂದೆ ದೊಡ್ಡ ಕಿಟಕಿ. ಕಿಟಕಿಯಲ್ಲಿ ಸೂರ್ಯ. ನೀರಿನ ಟಾಕಿಯ ಮೇಲೆ ಕೆಂಪಗೆ ಕೂತು ನನ್ನನ್ನೇ ನೋಡುತ್ತಿದ್ದ. ಇನ್ನು ಸ್ವಲ್ಪ ಹೊತ್ತು, ಅಷ್ಟೇ. ಹೊರಗೆ ಡಬ್ಬಿಯಲ್ಲಿ ಝುಣಕಾ ಇತ್ತು.

ಸಾಹೇಬರು ನನ್ನ ಅರ್ಜಿ ಓದಿದರು. ಇನ್ನೊಮ್ಮೆ ಓದಿದರು. ದಿನವಿಡೀ ಬಾಡಿದ್ದ ಅವರ ಮುಖ ಅರಳಿತು. "ಬಾಗ ನಕೋ? ನಕ್ಕೀ?" ಎಂದರು. ಬಾಗು ಬೇಡವೇ, ಖಂಡಿತವೇ ಎಂದು ಕೇಳಿದ್ದು.

ಇಲ್ಲಿ ನಾನು ನಿಜ ಹೇಳಬೇಕಿತ್ತು. ಆದರೆ ನಿಜ ಹೇಳುವುದೆಂದರೆ ಬಲಗೈ ಯಾವುದು, ಎಡಗೈ ಯಾವುದು ಎಂಬಲ್ಲಿಂದ ಶುರುಮಾಡಬೇಕು. ಇಷ್ಟು ಸಹಿ ಹಾಕಿಸಿದವನಿಗೆ ದಿಕ್ಕೇ ಗೊತ್ತಿಲ್ಲ ಎಂದು ಮೂವರೂ ನಗಬೇಕು. ಅವರು ನಕ್ಕು ಮುಗಿಸುವುದರೊಳಗೆ ಸೂರ್ಯ ಮುಳುಗಬೇಕು. ನಾನು ಕಿಟಕಿ ನೋಡಿದೆ. ಅವನು ಟಾಕಿಯ ಹಿಂದೆ ಅರ್ಧ ಇಳಿದಿದ್ದ.

"ನಕ್ಕೀ, ಸಾಹೇಬ!"

"ದುಸರಂ ಕಾಹೀ ಚಾಲೇಲ?" ಅಂದರೆ, ಬೇರೆ ಏನಾದರೂ ನಡೆದೀತೇ?

"ಕಾಹೀಹೀ ಚಾಲೇಲ, ಸಾಹೇಬ!" ಎಂದೆ. ಏನಿದ್ದರೂ ನಡೆಯುತ್ತದೆ! ಕೈಮುಗಿದೆ, ತಿರುಗಿದೆ, ಓಡಿದೆ.

ಹೊರಗೆ ಸುಲೋಚನಾ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು. "ಮುಳುಗಿದಾ" ಎಂದಳು. ಆಮೇಲೆ ನನ್ನ ಮುಖ ನೋಡಿ, "ಹಿಂದ ತಗೊಂಡ್ರೆಲ್ಲಾ?" ಎಂದು ಕೇಳಿದಳು. ನಾನು ತಲೆಯನ್ನು ಹೌದೂ ಅಲ್ಲದ, ಅಲ್ಲವೂ ಅಲ್ಲದ ರೀತಿಯಲ್ಲಿ ಆಡಿಸಿದೆ. ಆ ರಾತ್ರಿ ನಾನು ನೀರನ್ನೂ ಮುಟ್ಟಲಿಲ್ಲ. ಅದನ್ನು ಪ್ರಾಯಶ್ಚಿತ್ತವೆಂದು ಅವಳು ತಿಳಿದಿರಬೇಕೆಂದು ನನ್ನ ಆಸೆ.

ಕೆಲವು ತಿಂಗಳ ಮೇಲೆ ತೀರ್ಮಾನ ಹೊರಬಿತ್ತು. ಊರಿನವರು ಕೊಟ್ಟ ಹರಕತ್ತುಗಳೆಲ್ಲ ತಿರಸ್ಕೃತ. ಒಂದು ಮಾತ್ರ ಸ್ವೀಕೃತ. ನನ್ನದು! ಊರಿನ ಕಸ ಹಾಕಲು ಪಾಲಿಕೆಯವರು ವರ್ಷಗಟ್ಟಲೆ ಜಾಗ ಹುಡುಕುತ್ತಿದ್ದರಂತೆ. ಹೋದಲ್ಲೆಲ್ಲ ಜನ ಅಡ್ಡ ಮಲಗುತ್ತಿದ್ದರಂತೆ. ಈಗ ಒಬ್ಬ ನಾಗರಿಕ ತಾನಾಗಿಯೇ, ಅಕ್ಕಪಕ್ಕದವರ ಸಹಿ ಸಮೇತ, ಏನಿದ್ದರೂ ನಡೆಯುತ್ತದೆ ಎಂದು ಹೇಳಿದ್ದ. 'ಸ್ಥಳೀಯರ ಬೇಡಿಕೆಯ ಮೇರೆಗೆ ಉದ್ಯಾನವನ್ನು ರದ್ದುಪಡಿಸಿ ಕಚರಾ ಡೆಪೋ ಮಂಜೂರು' ಎಂದು ಬರೆದಿತ್ತು. ಈ ಸಲ ಪ್ರಕಟಣೆಯನ್ನು ಬಸ್ ಸ್ಟ್ಯಾಂಡಿನಲ್ಲಿ, ಎಲ್ಲರಿಗೂ ಕಾಣುವಂತೆ ಅಂಟಿಸಿದ್ದರು.

ಡೆಪೋದ ಭೂಮಿಪೂಜೆಗೆ ನನ್ನನ್ನು ಕರೆದು, ಜಾಗೃತ ನಾಗರಿಕನೆಂದು ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಜನರ ಮಾತು ಕೇಳಿ ಮಾಡಿದ ನಕಾಶೆ ಇದು ಎಂದು ಭಾಷಣವಾಯಿತು. ಮುಂದಿನ ಸಾಲಿನಲ್ಲಿ ಬಾಬಗೊಂಡ ಕಾಕಾ ಕಸ ಬರುವ ಮೊದಲೇ ಮೂಗಿಗೆ ಟವೆಲ್ ಹಿಡಿದು ಕೂತಿದ್ದರು.

"ಶೇಂಗಾ ಸಿಪ್ಪಿ ಬೀಳತಾವು ಅಂದಿದ್ದೆಲ್ಲೋ ಮಗನ! ಈಗ ಊರದ್ದೆಲ್ಲಾ ಬೀಳತೈತಿ ನೋಡು" ಎಂದರು.

ಸುಲೋಚನಾ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ನಾಲ್ಕು ದಿನ ಬಿಟ್ಟು, ಮನೆ ಕಟ್ಟುವ ಗವಂಡಿಯನ್ನು ಪ್ಲಾಟಿಗೆ ಕರೆಸಿದಳು. ಕಟ್ಟುತ್ತಿದ್ದ ಮನೆಯಲ್ಲಿ ಮೂಡಣಕ್ಕೆ, ಡೆಪೋಗೆ ಎದುರಾಗಿದ್ದ ಮುಂಬಾಗಿಲನ್ನು ತೆಗೆಸಿ ಹಿಂದಕ್ಕೆ, ಪಡುವಣಕ್ಕೆ ಮಾಡಿಸಿದಳು. ಕಟ್ಟೆಯನ್ನೂ ಅಲ್ಲಿಗೇ ಒಯ್ದಳು. ಅಲ್ಲಿಂದ ಕಾಣುವುದು ಬೇರೆಯವರ ಗೋದಾಮಿನ ತಗಡು ಮತ್ತು ಅದರ ಪಕ್ಕ ಒಂದೇ ಒಂದು ಜಾಲಿಗಿಡ.

ಈ ತೀರ್ಮಾನದ ಮೇಲೆ ಮೇಲ್ಮನವಿ ಕೊಡಬಹುದಂತೆ ಎಂದು ನಾನು ಮೆಲ್ಲಗೆ ಹೇಳಿನೋಡಿದೆ.

"ಬ್ಯಾಡ್ರಿ" ಎಂದು ಅವಳು ಕೈಮುಗಿದಳು. "ಇನ್ನೊಂದು ಸಲ ಬಾಯಿ ತೆರದ್ರ ಸ್ಮಶಾನ ತರತೀರಿ."

ಈಗ ದಿನಾ ಸಂಜೆ ಮುಂದಿನ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಹಿಂದಿನ ಕಟ್ಟೆಯ ಮೇಲೆ ಕೂತು ಊಟ ಮಾಡುತ್ತೇವೆ. ಸುಲೋಚನಾ ರೊಟ್ಟಿ ಬಡಿಸಿ, ಜಾಲಿಗಿಡದ ಕಡೆ ಕೈ ತೋರಿಸಿ ದಿನವೂ ತಪ್ಪದೆ ಹೇಳುತ್ತಾಳೆ:

"ಸರಿಯಾಗಿ ನೋಡ್ಕೋರಿ. ಸೂರ್ಯ ಅಲ್ಲಿ ಮುಳುಗತಾನ."

ನಾನು ಸರಿಯಾಗಿ ನೋಡಿಕೊಳ್ಳುತ್ತೇನೆ. ಕೈಯಲ್ಲಿ ತುತ್ತು ಹಿಡಿದು.