ಬೌಲಿಂಗ್ ಚೆಂಡಿಗೆ ಮೂರು ತೂತು

ಪೀಣ್ಯದ ಕಾರ್ಖಾನೆಗಳಲ್ಲಿ ಕೆಲವು ವರ್ಷ ಕೆಲಸ ಮಾಡಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ: ಕಂಡದ್ದಕ್ಕೆಲ್ಲ ತೂತು ಕೊರೆಯಬಲ್ಲೆ ಎಂಬ ಜಂಬ. ನನಗೂ ಚೆನ್ನಾಗಿಯೇ ಅಂಟಿತ್ತು. ಮನೆಯಲ್ಲಿ ಗಡಿಯಾರಕ್ಕೆಂದು ಮೊಳೆ ಹೊಡೆದರೆ ಗೋಡೆಯ ಗಾರೆಯೇ ಉದುರುತ್ತಿತ್ತು, ಅದು ಬೇರೆ ಮಾತು. ಗೋಡೆ ಕಟ್ಟಿದವರು ಸರಿಯಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ಕೊನೆ. ಬೆಂಗಳೂರಿಗೆ ಬೌಲಿಂಗ್ ಆಟದ ಗೀಳು ಹೊಸದು. ಕ್ರಿಕೆಟ್ಟಿನದಲ್ಲ; ಭಾರದ ಚೆಂಡಿನ ತೂತುಗಳಿಗೆ ಹೆಬ್ಬೆರಳನ್ನೂ ಇನ್ನೆರಡು ಬೆರಳನ್ನೂ ತೂರಿಸಿ ಹಿಡಿದು, ಉರುಳಿಸಿ, ದೂರದಲ್ಲಿ ನಿಲ್ಲಿಸಿದ ಗೂಟಗಳನ್ನು ಬೀಳಿಸುವ ಆಟ. ನಮ್ಮ ಕಾರ್ಖಾನೆಯ ಮ್ಯಾನೇಜರ್ ವಿದೇಶಕ್ಕೆ ಹೋದವರು ತೂತೇ ಇಲ್ಲದ ಒಂದು ಚೆಂಡು ತಂದರು. ಭಾನುವಾರ ಪಕ್ಕದ ಕಾರ್ಖಾನೆಯವರ ಮೇಲೆ ಪಂದ್ಯ, ಮನೆಯವರೂ ಆಡಬಹುದು. ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಕೊರೆಯುವ ಯಂತ್ರಗಳಿರುವ ಟೂಲ್ ರೂಮಿನವನಾದ ನಾನೇ ನನ್ನ ಕೈಗೆ ತಕ್ಕಂತೆ ಕೊರೆದುಕೊಂಡು ಆಡಬೇಕೆಂದು ಅವರ ಅಪ್ಪಣೆಯಾಯಿತು. ಶಾಲೆಯಲ್ಲಿ ಕಬಡ್ಡಿಗೂ ಯಾರೂ ಸೇರಿಸಿಕೊಳ್ಳದಿದ್ದವನಿಗೆ ಆ ಜಾಗದ ಮೇಲೆ ಎಂಥ ಆಸೆ ಹುಟ್ಟಿರಬೇಕು ನೀವೇ ಹೇಳಿ.

ಕೊರೆಯುವುದು ಸುಲಭ, ಯಾವ ಓರೆಯಲ್ಲಿ ಎಂಬುದೇ ಪೇಚು. ತೂತು ಅಂಗೈ ಕಡೆಗೆ ವಾಲಿದರೆ ಬೆರಳು ಚೆಂಡನ್ನು ಬಿಡಲು ತಡಮಾಡುತ್ತದೆ; ಆಚೆಗೆ ವಾಲಿದರೆ ಬೇಗ ಜಾರುತ್ತದೆ. ತಪ್ಪಿದರೆ ಇನ್ನೊಂದು ಚೆಂಡಿಲ್ಲ. ನಾನು ಕಾಗದ, ಪೆನ್ಸಿಲ್ ಹಿಡಿದು ಒದ್ದಾಡುವುದನ್ನು ನೋಡಲಾರದೆ ಹೆಂಡತಿ ನಾಗರತ್ನ ಚಪಾತಿ ಹಿಟ್ಟಿನ ಮುದ್ದೆಯೊಂದನ್ನು ಕೈಗಿತ್ತಳು. ಚೆಂಡೆಂದುಕೊಂಡು ಹಿಡಿದು ಬೆರಳು ಒತ್ತಿದರೆ, ಕೈ ಕೇಳುವ ಓರೆ ತಾನಾಗಿ ಮೂಡುತ್ತದೆ ಎಂಬುದು ಅವಳ ವಾದ. ಒತ್ತಿ, ತಟ್ಟೆ ಮುಚ್ಚಿಟ್ಟೆ. ಬೆಳಿಗ್ಗೆ ಕೇಳಿದಾಗ ಅವಳು ಹಿಟ್ಟಿನ ಮುದ್ದೆಯನ್ನು ಡಬ್ಬಿಯಲ್ಲಿಟ್ಟು ಕೊಟ್ಟಳು. ಕಾರ್ಖಾನೆಯಲ್ಲಿ ಹಿಟ್ಟಿನ ಗುಳಿಗಳಿಗೆ ಕಡ್ಡಿ ಸಿಕ್ಕಿಸಿ ಓರೆಯನ್ನೂ ಅಂತರವನ್ನೂ ಅಳೆದೆ. ಅಗಲಕ್ಕೆ ಮಾತ್ರ ನನ್ನ ಬೆರಳನ್ನೇ ಅಳೆದು, ಪೂಜೆಯಷ್ಟು ಶ್ರದ್ಧೆಯಿಂದ ಕೊರೆದೆ.

ಶನಿವಾರ ನಾನೂ ನಾಗರತ್ನಳೂ ಅಭ್ಯಾಸಕ್ಕೆ ಹೋದೆವು. ನಾನು ಚೆಂಡು ಬಿಟ್ಟೆ. ಚೆಂಡು ನನ್ನ ಹೆಬ್ಬೆರಳನ್ನು ಬಿಡಲಿಲ್ಲ. ಅದರ ಹಿಂದೆಯೇ ಹೋಗಿ ಮಂಡಿಯೂರಿದೆ. ನಾಗರತ್ನ ಎಬ್ಬಿಸಲು ಬಂದವಳು ತಗ್ಗಿದ ದನಿಯಲ್ಲಿ ನಿಜ ಹೇಳಿದಳು.

"ರೀ, ನಿಮ್ಮ ಅಳತೆ ಮುಗೀತು ಅನ್ಕೊಂಡು ಆ ಹಿಟ್ಟನ್ನ ರಾತ್ರಿನೇ ಲಟ್ಟಿಸಿಬಿಟ್ಟೆ. ಬೆಳಿಗ್ಗೆ ನೀವು ಕೇಳಿದಾಗ ಹೆದರಿಕೆ ಆಯ್ತು. ಬೇರೆ ಹಿಟ್ಟಿಗೆ ನನ್ನ ಬೆರಳೇ ಒತ್ತಿ ಕೊಟ್ಟೆ."

ಅಂದರೆ ನನ್ನ ಕೈಯ ಓರೆಯನ್ನು ನಾನೇ ಬದನೆಕಾಯಿ ಪಲ್ಯದ ಜೊತೆ ತಿಂದು ಮುಗಿಸಿದ್ದೆ. ಸಿಟ್ಟು ಬಂತು, ಅದರ ಬೆನ್ನಿಗೇ ತಡೆಯಲಾರದ ನಗುವೂ ಬಂತು. ಅವಳ ಕೈಗಾದರೂ ಕೂರುತ್ತದೋ ನೋಡಲು ಹೇಳಿದೆ. ತೂತು ಅಗಲವಾಗಿತ್ತು, ಒಳಗೆ ಟೇಪು ಅಂಟಿಸಿದೆವು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಉರುಳಿಸಿದಳು. ಚೆಂಡು ನೆಟ್ಟಗೆ ಹೋಗಿ ಅಲ್ಲಿ ನಿಂತಿದ್ದ ಗೂಟಗಳನ್ನೆಲ್ಲ ಮಲಗಿಸಿತು. ತಿರುಗಿ ನೋಡಿದ ಅವಳ ಮುಖ ಅರಳಿತ್ತು. ನನ್ನ ಜಾಗ ಹೋಯಿತೆಂದು ಹೊಟ್ಟೆ ಉರಿಯಬೇಕಿತ್ತು. ಹಾಗಾಗಲಿಲ್ಲ, ಹಿಗ್ಗೇ ಆಯಿತು.

ಭಾನುವಾರ ಅವಳು ಆಡಿದಳು, ನಾವು ಗೆದ್ದೆವು. ಮ್ಯಾನೇಜರ್ ನೇರ ನನ್ನ ಬಳಿಗೇ ಬಂದು ಕೈ ಕುಲುಕಿದರು.

"ಮಿಸೆಸ್ ಕೈಗೆ ಇಷ್ಟು ಕರೆಕ್ಟಾಗಿ ಹೇಗ್ರೀ ಓರೆ ಹಿಡಿದ್ರಿ?"

ನಾಗರತ್ನ ಪಕ್ಕದಲ್ಲೇ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ.

"ಎಲ್ಲಾ ಅನುಭವ ಸಾರ್" ಎಂದುಬಿಟ್ಟೆ.