ಮಾಲ್ಟಾಕ್ಕೆ ಹೋಗು ಎಂದು ಮೂರನೇ ಸಲ ಹೇಳಿದ್ದಕ್ಕೆ

ಬಾಯಿ ನನ್ನದೇ, ಬೇರೆ ಯಾರನ್ನೂ ದೂರುವ ಹಾಗಿಲ್ಲ. ದೂರಲೇಬೇಕೆಂದರೆ ಅಮೆರಿಕದ ನಮ್ಮ ಇಡೀ ಮಿನೆಸೋಟ ರಾಜ್ಯವನ್ನು ದೂರಬೇಕು.

ನಮ್ಮಲ್ಲಿ ಯಾರ ಮನೆಗೆ ಹೋದರೂ ಮೊದಲ ಸಲ ಕಾಫಿ ಬೇಕಾ ಎಂದಾಗ ಬೇಡ ಎನ್ನಬೇಕು. ಎರಡನೇ ಸಲವೂ ಬೇಡ. ಮೂರನೇ ಸಲ ಕೇಳಿದರೆ, "ನಿಮಗೆ ತೊಂದರೆ ಇಲ್ಲ ಅಂದ್ರೆ ಒಂದರ್ಧ ಲೋಟ" ಎಂದು ಸಂಕೋಚದಿಂದ ಒಪ್ಪಿ, ಪಾತ್ರೆಯನ್ನೇ ಖಾಲಿ ಮಾಡಿ ಬರಬೇಕು. ಕೇಳುವವರಿಗೂ ನಿಯಮವಿದೆ. ಎರಡು ಸಲ ಕೇಳುವುದು ಬರೀ ಮರ್ಯಾದೆ, ಮೂರನೆಯದು ಮಾತ್ರ ಮನಸ್ಸಿನಿಂದ ಬಂದದ್ದು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹಾಲಿನ ಜೊತೆ ಹೊಟ್ಟೆಗೆ ಹೋಗಿರುತ್ತದೆ.

ಆ ಭಾನುವಾರ ಚರ್ಚಿನಿಂದ ಬಂದು ಊಟ ಮುಗಿಸಿ, ನನ್ನ ಧರ್ಮಪತ್ನಿ ಮಾರ್ಲಿಸ್ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸ್ವಾಗತದ ಮೇಜಿನ ಹಿಂದೆ ಕೂತು ಅರ್ಧ ಆಯುಷ್ಯ ಕಳೆದವಳು, ಐವತ್ತು ದಾಟಿದ ಮೇಲೆ ಸೇಂಟ್ ಪಾಲ್‌ನ ಒಂದು ಲಾ ಕಾಲೇಜು ಸೇರಿದ್ದಳು. (ಈ ವಯಸ್ಸಿನಲ್ಲಿ ಬೇರೆಯವರು ದೋಣಿ ಕೊಳ್ಳುತ್ತಾರೆ.)

"ಬೇಸಿಗೇಲಿ ಐದು ವಾರ ಯುರೋಪಿನ ಮಾಲ್ಟಾ ದ್ವೀಪದಲ್ಲಿ ಸಮುದ್ರದ ಕಾನೂನು ಕಲಿಸ್ತಾರಂತೆ. ಅರ್ಜಿ ಹಾಕಿ ಅಂತಿದಾರೆ. ನಾನೇನು ಹಾಕಲ್ಲ ಬಿಡು," ಎಂದಳು.

"ಯಾಕೆ? ಹಾಕು." (ಮೊದಲನೆಯದು.)

"ಅಯ್ಯೋ ಬೇಡ ಕಣೋ. ಟೊಮ್ಯಾಟೊ ಗಿಡ ಯಾರು ನೋಡ್ಕೋತಾರೆ?"

"ಗಿಡ ಏನು ಎದ್ದು ಓಡಿಹೋಗುತ್ತಾ? ಹಾಕು." (ಎರಡನೆಯದು.)

"ಬೇಡಪ್ಪ, ಈ ವಯಸ್ಸಲ್ಲಿ."

ನಾನು ಬಾಯಿ ಮುಚ್ಚಬೇಕಾದ ಜಾಗ ಇದೇ. ಆದರೆ ಅಂದು ಚರ್ಚಿನಲ್ಲಿ ನಿಂಬೆ ಬರ್ಫಿ ಹಂಚುವ ಸರದಿ ನನ್ನದಾಗಿತ್ತು. ಅಷ್ಟೂ ಜನಕ್ಕೆ ಮೂರು ಮೂರು ಸಲ ಉಪಚಾರ ಹೇಳಿ ನಾಲಿಗೆ ಇನ್ನೂ ಅದೇ ಓಟದಲ್ಲಿತ್ತು. "ಇರಲಿ, ಹಾಕು," ಎಂದುಬಿಟ್ಟಿತು.

"ನೀನು ಅಷ್ಟೊಂದು ಹೇಳ್ತಿದ್ದೀಯ ಅಂದ್ರೆ, ಆಯ್ತು," ಎಂದು ಮಾರ್ಲಿಸ್ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಹೋಗಿ ಕುಳಿತಳು. ನನ್ನ ಕೈಯಲ್ಲಿದ್ದ ತಟ್ಟೆ ಜಾರಿ ತೊಟ್ಟಿಗೆ ಬಿತ್ತು.

ಅಂದಿನಿಂದ ನನಗೆ ಭಯ ಹಿಡಿಯಿತು. ಕಳ್ಳರ ಭಯವಲ್ಲ, ಹಸಿವಿನ ಭಯವೂ ಅಲ್ಲ. ಆ ಮನೆಯಲ್ಲಿ ನಾನೊಬ್ಬನೇ ಎದ್ದು, ನಾನೊಬ್ಬನೇ ಕೆಮ್ಮಿ, ಅದನ್ನು ಯಾರೂ ಕೇಳಿಸಿಕೊಳ್ಳದೆ ಇರುವ ಭಯ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು: ನಾನಿಲ್ಲದೆ ತಾನು ಸುಖವಾಗಿಯೇ ಇರಬಲ್ಲೆ ಎಂಬುದು ಅವಳಿಗೆ ಅಲ್ಲಿ ಗೊತ್ತಾಗಿಬಿಟ್ಟರೆ?

ಅರ್ಜಿಗೆ ಒಂದು ಪ್ರಬಂಧ ಬೇಕಿತ್ತು. ಬರೆದು ನನಗೆ ಓದಿ ಹೇಳಿದಳು. ಸಾವಿರಾರು ಕೆರೆಗಳ ನಾಡಿನಲ್ಲಿ ಹುಟ್ಟಿಯೂ ಸಮುದ್ರ ಕಾಣದ ಹೆಂಗಸಿನ ಕಥೆ. ಚೆನ್ನಾಗಿತ್ತು. ಅದೇ ತೊಂದರೆ.

"ಹೇಗಿದೆ?"

"ಒಂಥರಾ ಬೇರೆ ಇದೆ," ಎಂದೆ. ನಮ್ಮ ಕಡೆ ಇದಕ್ಕಿಂತ ಕ್ರೂರವಾದ ವಿಮರ್ಶೆ ಇನ್ನೊಂದಿಲ್ಲ. ಹಿಂದೆ ಅವಳ ತಂಗಿ ಮಾಡಿದ ಸಾರಿಗೆ ಹೀಗೆ ಎಂದದ್ದಕ್ಕೆ ಆ ಕಡೆಯವರು ಒಂದು ಚಳಿಗಾಲ ಪೂರ್ತಿ ನಮ್ಮ ಮನೆಗೆ ಬಂದಿರಲಿಲ್ಲ.

"ಬೇರೆ ಇದೆಯಾ? ಹಾಗಾದ್ರೆ ಇದನ್ನೇ ಕಳಿಸ್ತೀನಿ," ಎಂದಳು. ಕಾನೂನು ಓದಲು ತೊಡಗಿದ ಮೇಲೆ ಅವಳು ಮಾತನ್ನು ಇದ್ದದ್ದು ಇದ್ದ ಹಾಗೆ ತೆಗೆದುಕೊಳ್ಳುತ್ತಿದ್ದಳು. ಇದೊಂದು ಅಪಾಯಕಾರಿ ಅಭ್ಯಾಸವೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ಧೈರ್ಯ ಹುಡುಕಿಕೊಂಡು ಪಕ್ಕದ ಮನೆಯ ಗಾರ್ಡನ್ ಜೊತೆ ಮೀನಿಗೆ ಹೋದೆ. ಹೆಪ್ಪುಗಟ್ಟಿದ ಕೆರೆಯ ಮೇಲಿನ ಗುಡಿಸಲಲ್ಲಿ, ಮಂಜುಗಡ್ಡೆಯಲ್ಲಿ ಕೊರೆದ ತೂತಿಗೆ ಗಾಳ ಬಿಟ್ಟುಕೊಂಡು ಕೂತು, ಮಾಲ್ಟಾದ ಸಂಗತಿ ಹೇಳಿದೆ.

"ನಮ್ಮ ಭಾವಮೈದುನನ ಹೆಂಡ್ತೀನೂ ಹೀಗೇ ಪೋರ್ಚುಗಲ್‌ಗೆ ಹೋಗಿದ್ಲು," ಎಂದ ಗಾರ್ಡನ್.

"ವಾಪಸ್ ಬಂದ್ಲಾ?"

"ಬಂದ್ಲು."

"ಸದ್ಯ!"

"ಅವಳ ಸಾಮಾನೆಲ್ಲ ಇಲ್ಲೇ ಇತ್ತಲ್ಲ, ತಗೊಂಡು ಹೋಗೋಕೆ ಬಂದ್ಲು."

ಆಮೇಲೆ ಉಳಿದದ್ದು ದೇವರು. ಆದರೆ ನಾವು ದೇವರನ್ನೂ ನೇರವಾಗಿ ಕೇಳುವವರಲ್ಲ. "ಪ್ರಭುವೇ, ನಿನಗೆ ಬೇರೆ ಕೆಲಸ ಇರುತ್ತದೆ, ನನ್ನದೇನೂ ಅವಸರವಿಲ್ಲ, ಆ ಅರ್ಜಿ ಎಲ್ಲಾದರೂ ತಪ್ಪಿಹೋದರೂ ನನಗೇನೂ ಬೇಸರವಿಲ್ಲ," ಎಂದು ಬೇಡಿಕೊಂಡೆ. ನಾನು ಎರಡನೇ ಸಲ ಕೇಳಲಿ ಎಂದು ಆತನೂ ಕಾದನೋ ಏನೋ, ಅಷ್ಟರಲ್ಲಿ ಮಾರ್ಲಿಸ್ ಆಯ್ಕೆಯಾಗಿಬಿಟ್ಟಳು.

ಏಪ್ರಿಲ್‌ನ ಒಂದು ಸಂಜೆ, ಆಲೂಗಡ್ಡೆ ಹಾಕಿ ಬೇಯಿಸಿದ ಹಾಟ್‌ಡಿಶ್ ಬಡಿಸುತ್ತಾ ಅವಳು ಮಾತು ತೆಗೆದಳು. "ಅಲ್ಲಿ ಇಬ್ಬರಿಗೆ ಒಂದು ರೂಮಂತೆ. ಬೇಕಾದ್ರೆ ಗಂಡನ್ನೂ ಕರ್ಕೊಂಡು ಬರಬಹುದಂತೆ. ನೀನು ಬರ್ತೀಯಾ?"

ನನ್ನ ಎದೆಯ ಮೇಲಿನ ಕಲ್ಲು ಒಮ್ಮೆಲೇ ಇಳಿಯಿತು. ಬರುತ್ತೇನೆ, ಈಗಲೇ ಬರುತ್ತೇನೆ, ಈಜಿಕೊಂಡಾದರೂ ಬರುತ್ತೇನೆ! ಅಷ್ಟು ಸಂತೋಷವಾದ್ದರಿಂದಲೇ ಮರ್ಯಾದೆಯಾಗಿ, "ಅಯ್ಯೋ, ಬೇಡ ಬಿಡು. ನಾನ್ಯಾಕೆ?" ಎಂದೆ.

"ಸರಿ," ಎಂದು ಅವಳು ಫೋನಿನಲ್ಲಿ ಏನನ್ನೋ ಒತ್ತಿದಳು.

ನಾನು ಎರಡನೆಯದಕ್ಕೆ ಕಾದೆ. ಊಟ ಮುಗಿಯಿತು. ಪಾತ್ರೆ ಒರೆಸಿದ್ದಾಯಿತು. "ಮಾಲ್ಟಾದಲ್ಲಿ ಬಿಸಿಲು ಚೆನ್ನಾಗಿರುತ್ತೇನೋ," ಎಂದು ದಾರಿ ಮಾಡಿಕೊಟ್ಟೆ. "ಹೂಂ," ಎಂದಳು.

"ಮಾರ್ಲಿಸ್, ನೀನು ಇನ್ನೊಂದ್ಸಲ ಕೇಳಲೇ ಇಲ್ವಲ್ಲ?"

"ಏನನ್ನ?"

"ಬರ್ತೀಯಾ ಅಂತ."

"ಬೇಡ ಅಂದೆಯಲ್ಲ. ಕರೆದಾಗ ಬೇಡ ಅಂದ್ರೆ ಆ ಕರೆ ಅಲ್ಲಿಗೆ ಸತ್ತುಹೋಯ್ತು. ಕರಾರಿನ ಕಾನೂನಲ್ಲಿ ಮೊದಲು ಕಲಿಸೋದೇ ಅದು. ಆಗಲೇ ಡೆನೀಸ್‌ಗೆ ಕೇಳಿದೆ, ನನ್ನ ಜೊತೆ ಓದ್ತಾಳಲ್ಲ, ಅವಳಿಗೆ. ರೂಮು ಅವಳಿಗೆ ಹೋಯ್ತು."

"ಅವಳು ಬೇಡ ಅನ್ಲಿಲ್ವಾ?"

"ನ್ಯೂಜೆರ್ಸಿಯವಳು ಕಣೋ. ನಾನು ಕೇಳಿ ಮುಗಿಸೋಕೆ ಮುಂಚೆ ಹೂಂ ಅಂದ್ಲು."

ನಾನು ಕುರ್ಚಿ ಎಳೆದು ಕೂತೆ. ನನ್ನ ಕುಲದಲ್ಲಿ ಈವರೆಗೆ ಯಾರೂ ಮಾಡದ ಕೆಲಸವನ್ನು ಮಾಡಿದೆ. ಮನಸ್ಸಿನಲ್ಲಿದ್ದುದನ್ನು ಹಾಗೆಯೇ ಹೇಳಿದೆ. "ನನಗೆ ಭಯ ಆಗ್ತಿದೆ ಮಾರ್ಲಿಸ್. ಒಬ್ಬನೇ ಇರೋಕೆ ಆಗಲ್ಲ. ನನ್ನೂ ಕರ್ಕೊಂಡು ಹೋಗು."

ಅವಳ ಕಣ್ಣು ತುಂಬಿಬಂತು. ಬಳಿಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಎಷ್ಟು ಚೆನ್ನಾಗಿ ಹೇಳಿದೆಯೋ ಆರ್ಲನ್! ನನಗೂ ಅದೇ ಭಯ, ಗೊತ್ತಾ? ನಿನ್ನ ಬಿಟ್ಟು ಇರೋಕೆ ಬರುತ್ತೋ ಇಲ್ವೋ ಅಂತ. ನಿನ್ನ ಕರೆದದ್ದೂ ಅದಕ್ಕೇ. ನೀನು ಬೇಡ ಅಂದ್ಮೇಲೆ ಅನ್ನಿಸ್ತು, ಒಂದ್ಸಲ ಇದ್ದೇ ನೋಡಬೇಕು ಅಂತ."

"ಹಾಗಾದ್ರೆ ನಾನು ಬರಲಾ?"

"ಬೇಡ," ಎಂದಳು.

ಅದರಲ್ಲಿ ಸಂಕೋಚವಿರಲಿಲ್ಲ, 'ನಿನಗೆ ತೊಂದರೆ ಇಲ್ಲ ಅಂದ್ರೆ' ಎಂಬ ಬಾಲವೂ ಇರಲಿಲ್ಲ. ನಾನು ಅಭ್ಯಾಸಬಲದಿಂದ ಇನ್ನೆರಡು ಸಲ ಕೇಳಿದೆ. ಅವಳು ಇನ್ನೆರಡು ಸಲವೂ ಅಷ್ಟೇ ಪ್ರೀತಿಯಿಂದ ಬೇಡ ಎಂದು, ಕೈ ಹಿಡಿದು ಎಬ್ಬಿಸಿ, ಬಟ್ಟೆ ಒಗೆಯುವ ಯಂತ್ರ ತೋರಿಸಲು ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದಳು.